ಕೋಷ್ಟಕಗಳಿಗೆ ಕಟ್ಟಳೆ ತಂದ ಎಡ್ಗರ್ ಕಾಡ್

ಮನುಷ್ಯನು ಬರೆಯಲು ಕಲಿತ ದಿನಗಳಿಂದಲೇ ಲೆಕ್ಕಪತ್ರ ಇಡುವುದನ್ನೂ ಕಲಿತನು. ಧಾನ್ಯದ ಅಳತೆ, ಭೂಮಿಯ ಎಲ್ಲೆ, ಸಾಲದ ಮೊತ್ತ, ದಾನದತ್ತಿಗಳ ವಿವರ ಮುಂತಾದುವು ಕಲ್ಲು, ತಾಮ್ರಪಟ, ತಾಳೆಗರಿ ಹಾಗೂ ಕಾಗದಗಳ ಮೇಲೆ ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂದಿವೆ. ದಾಖಲೆ ಎಷ್ಟೇ ದೊಡ್ಡದಾಗಿದ್ದರೂ ಅದರ ಬೆಲೆಯು ಅದರಲ್ಲಿರುವ ಸತ್ಯವನ್ನು ಅವಲಂಬಿಸಿರುತ್ತದೆ. ಹುಟ್ಟಿದ ದಿನ ತಪ್ಪಾಗಿ ಬರೆಯಲ್ಪಟ್ಟರೆ ಒಬ್ಬನ ಉದ್ಯೋಗ ಕೈತಪ್ಪಬಹುದು. ಖಾತೆಯ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಒಬ್ಬನ ಹಣ ಇನ್ನೊಬ್ಬನ ಪಾಲಾಗಬಹುದು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಗಣಕಯಂತ್ರವು ಬಳಕೆಗೆ ಬಂದಾಗ ಲಕ್ಷಾಂತರ ದಾಖಲೆಗಳನ್ನು ಕ್ಷಣಮಾತ್ರದಲ್ಲಿ ಹುಡುಕುವ ಶಕ್ತಿ ಮಾನವನಿಗೆ ದೊರೆಯಿತು. ಆದರೆ ತಪ್ಪುಗಳೂ ಅದೇ ವೇಗದಲ್ಲಿ ಹರಡತೊಡಗಿದುವು. ಈ ದಾಖಲೆಗಳನ್ನು ಸರಳವಾದ ಕೋಷ್ಟಕಗಳ ರೂಪದಲ್ಲಿ ಇಡುವ ಕ್ರಮವನ್ನು ರೂಪಿಸಿ, ಆ ಕೋಷ್ಟಕಗಳು ಅಸತ್ಯವನ್ನು ಒಳಗೆ ಬಿಡದಂತೆ ಕಟ್ಟಳೆಗಳನ್ನು ಹಾಕಬೇಕೆಂದು ಪ್ರತಿಪಾದಿಸಿದ ಮಹಾಮೇಧಾವಿ ಎಡ್ಗರ್ ಫ್ರಾಂಕ್ ಕಾಡ್.

ಕಾಡ್ ಅವರು ೧೯೨೩ನೆಯ ಇಸವಿ ಆಗಸ್ಟ್ ೧೯ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ ಜನಿಸಿದರು. ತಂದೆ ತೊಗಲಿನ ಉದ್ಯಮಿ; ತಾಯಿ ಶಾಲೆಯ ಉಪಾಧ್ಯಾಯಿನಿ. ಏಳು ಮಂದಿ ಮಕ್ಕಳಲ್ಲಿ ಕಾಡ್ ಅವರೇ ಕೊನೆಯವರು. ಪೂಲ್ ಎಂಬ ಊರಿನ ಗ್ರಾಮರ್ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿ, ವಿದ್ಯಾರ್ಥಿವೇತನದ ನೆರವಿನಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಎಕ್ಸಿಟರ್ ಕಾಲೇಜನ್ನು ಸೇರಿದರು. ಆಗ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧದ ಜ್ವಾಲೆ ಹಬ್ಬಿತ್ತು. ವಿದ್ಯಾರ್ಥಿಯಾಗಿದ್ದ ಕಾರಣ ಸೇನಾಸೇವೆಯಿಂದ ವಿನಾಯಿತಿ ಪಡೆಯುವ ಅವಕಾಶ ಅವರಿಗಿತ್ತು. ಆದರೂ ಅವರು ಸ್ವಇಚ್ಛೆಯಿಂದ ಬ್ರಿಟಿಷ್ ವಾಯುಪಡೆಯನ್ನು ಸೇರಿ, ಕಡಲ ಕಾವಲಿನ ದಳದಲ್ಲಿ ವಿಮಾನ ಚಾಲಕರಾಗಿ ಸೇವೆ ಸಲ್ಲಿಸಿದರು. ಯುದ್ಧ ಮುಗಿದ ಮೇಲೆ ಪುನಃ ಆಕ್ಸ್‌ಫರ್ಡಿಗೆ ಮರಳಿ ಗಣಿತಶಾಸ್ತ್ರದಲ್ಲಿ ಪದವಿ ಪಡೆದರು.

೧೯೪೮ರಲ್ಲಿ ಕಾಡ್ ಅವರು ಅಮೆರಿಕಕ್ಕೆ ತೆರಳಿದರು. ಅಲ್ಲಿ ಅವರಿಗೆ ಸುಖಾಸನವೇನೂ ಕಾದಿರಲಿಲ್ಲ. ನ್ಯೂಯಾರ್ಕ್ ನಗರದ ಮೇಸಿ ಎಂಬ ದೊಡ್ಡ ಅಂಗಡಿಯಲ್ಲಿ ಆಟದ ಉಡುಪುಗಳನ್ನು ಮಾರುವ ಕೆಲಸವನ್ನು ಆಕ್ಸ್‌ಫರ್ಡಿನ ಈ ಗಣಿತ ಪದವೀಧರರು ಕೆಲಕಾಲ ಮಾಡಿದರು. ಅನಂತರ ಟೆನೆಸಿ ವಿಶ್ವವಿದ್ಯಾನಿಲಯದಲ್ಲಿ ಸ್ವಲ್ಪಕಾಲ ಗಣಿತವನ್ನು ಬೋಧಿಸಿ, ೧೯೪೯ರಲ್ಲಿ ಐ.ಬಿ.ಎಂ. ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿದ್ದ, ಒಂದು ಕೋಣೆಯನ್ನೇ ಆವರಿಸಿದ್ದ ಬೃಹತ್ ಗಣಕಯಂತ್ರಕ್ಕೆ ಪ್ರೋಗ್ರಾಂಗಳನ್ನು ಬರೆಯುವುದು ಅವರ ಉದ್ಯೋಗವಾಯಿತು. ಅಂದು ಆ ವಿದ್ಯೆಯನ್ನು ಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯ ಮಂದಿ.

೧೯೫೦ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿಯ ಪ್ರಾಬಲ್ಯ ಹೆಚ್ಚಿತು. ಸಾಕಷ್ಟು ಆಧಾರವಿಲ್ಲದೆ ಅನೇಕರ ಮೇಲೆ ದೇಶದ್ರೋಹದ ಆರೋಪ ಹೊರಿಸಲಾಗುತ್ತಿದ್ದ ಕಾಲವದು. ಈ ವಾತಾವರಣದಿಂದ ಬೇಸತ್ತ ಕಾಡ್ ಅವರು ೧೯೫೩ರಲ್ಲಿ ಅಮೆರಿಕವನ್ನೇ ತೊರೆದು ಕೆನಡಾ ದೇಶದ ಆಟವಾ ನಗರಕ್ಕೆ ಹೋಗಿ ನೆಲಸಿದರು. ತಮಗೆ ಸರಿಯೆಂದು ತೋರಿದುದಕ್ಕಾಗಿ ಅನುಕೂಲಗಳನ್ನು ಬಿಟ್ಟುಕೊಡುವ ಈ ಸ್ವಭಾವ ಅವರ ಬಾಳಿನುದ್ದಕ್ಕೂ ಕಾಣುತ್ತದೆ. ಕೆಲವು ವರ್ಷಗಳ ತರುವಾಯ, ೧೯೫೭ರಲ್ಲಿ, ಅವರು ಮತ್ತೆ ಐ.ಬಿ.ಎಂ. ಸಂಸ್ಥೆಗೆ ಹಿಂದಿರುಗಿದರು. ಒಂದೇ ಯಂತ್ರವು ಹಲವು ಪ್ರೋಗ್ರಾಂಗಳನ್ನು ಏಕಕಾಲದಲ್ಲಿ ನಡೆಸಿಕೊಂಡು ಹೋಗುವ ವ್ಯವಸ್ಥೆಯನ್ನು ರೂಪಿಸುವ ಕಾರ್ಯದಲ್ಲಿ ಅಲ್ಲಿ ತೊಡಗಿದರು.

ಜ್ಞಾನದ ಹಸಿವಿಗೆ ವಯಸ್ಸಿನ ಕಟ್ಟಿಲ್ಲ. ಮೂವತ್ತೆಂಟರ ಆಸುಪಾಸಿನಲ್ಲಿ ಕಾಡ್ ಅವರು ಪುನಃ ವಿದ್ಯಾರ್ಥಿಯಾಗಿ ಮಿಷಿಗನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ತನ್ನಂಥದೇ ಇನ್ನೊಂದು ಯಂತ್ರವನ್ನು ತಾನೇ ನಿರ್ಮಿಸಬಲ್ಲ ಯಂತ್ರವೊಂದು ಸಾಧ್ಯವೇ ಎಂಬ ಪ್ರಶ್ನೆಯನ್ನು ಹೆಸರಾಂತ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರು ಎತ್ತಿ, ೨೯ ಸ್ಥಿತಿಗಳುಳ್ಳ ಕೋಶಗಳಿಂದ ಅಂಥ ಯಂತ್ರದ ಕಲ್ಪನೆಯನ್ನು ಕಟ್ಟಿಕೊಟ್ಟಿದ್ದರು. ಅದಕ್ಕೆ ಕೇವಲ ೮ ಸ್ಥಿತಿಗಳು ಸಾಕೆಂಬುದನ್ನು ಕಾಡ್ ಅವರು ತೋರಿಸಿ, ೧೯೬೫ರಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿದರು. ಜಟಿಲವಾದುದನ್ನು ಸರಳಗೊಳಿಸುವುದೇ ಅವರ ಪ್ರತಿಭೆಯ ಮುಖ್ಯ ಲಕ್ಷಣವಾಗಿತ್ತು. ಆ ಪ್ರತಿಭೆಗೆ ತಕ್ಕ ಸಮಸ್ಯೆಯೊಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿದ್ದ ಐ.ಬಿ.ಎಂ. ಸಂಶೋಧನಾಲಯದಲ್ಲಿ ಅವರಿಗಾಗಿ ಕಾದಿತ್ತು.

ಆ ದಿನಗಳಲ್ಲಿ ಗಣಕಯಂತ್ರದೊಳಗಿನ ದಾಖಲೆಗಳನ್ನು ಮರದ ಕೊಂಬೆಗಳಂತೆಯೋ ಬಲೆಯ ಎಳೆಗಳಂತೆಯೋ ಒಂದಕ್ಕೊಂದು ಜೋಡಿಸಿ ಇಡುತ್ತಿದ್ದರು. ಚಂದ್ರನಲ್ಲಿಗೆ ಮನುಷ್ಯನನ್ನು ಕಳುಹಿಸಿದ ಅಪೊಲೊ ಯೋಜನೆಯ ರಾಕೆಟ್ಟಿನ ಅಸಂಖ್ಯ ಬಿಡಿಭಾಗಗಳ ಪಟ್ಟಿಯನ್ನು ನಿರ್ವಹಿಸಲು ಐ.ಬಿ.ಎಂ. ಸಂಸ್ಥೆಯು ರೂಪಿಸಿದ ಐ.ಎಂ.ಎಸ್. ಎಂಬ ವ್ಯವಸ್ಥೆಯೂ ಮರದ ಮಾದರಿಯದೇ. ಒಂದು ಸಣ್ಣ ವಿವರ ಬೇಕೆಂದರೂ ಪ್ರೋಗ್ರಾಂ ಬರೆಯುವವನು ಮರದ ಬುಡದಿಂದ ಹೊರಟು, ಯಾವ ಕೊಂಬೆ, ಯಾವ ಟಿಸಿಲು ಎಂಬುದನ್ನು ತಿಳಿದುಕೊಂಡು, ಹಾದಿ ಹಿಡಿದು ನಡೆಯಬೇಕಾಗಿತ್ತು. ದಾಖಲೆಗಳನ್ನು ಇಟ್ಟ ಕ್ರಮವು ಸ್ವಲ್ಪ ಬದಲಾದರೂ ಹಳೆಯ ಪ್ರೋಗ್ರಾಂಗಳು ದಾರಿ ತಪ್ಪಿ ನಿಂತುಬಿಡುತ್ತಿದ್ದುವು. ದಾಖಲೆಯನ್ನು ಕೇಳುವವನಿಗೆ ಅದು ಎಲ್ಲಿದೆ, ಹೇಗಿದೆ ಎಂಬ ಚಿಂತೆ ಏಕೆ ಬೇಕು? ಬೇಕಾದುದೇನೆಂದು ಹೇಳಿದರೆ ಸಾಲದೇ? ಇದು ಕಾಡ್ ಅವರನ್ನು ಕಾಡಿದ ಪ್ರಶ್ನೆ.

ಉತ್ತರವನ್ನು ಅವರು ಗಣಿತದಲ್ಲಿ ಕಂಡುಕೊಂಡರು. ಗಣಸಿದ್ಧಾಂತದಲ್ಲಿ ಸಂಬಂಧವೆಂಬ ಒಂದು ಪರಿಕಲ್ಪನೆಯಿದೆ. ಅದನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಅಡ್ಡಸಾಲು ಮತ್ತು ಕಂಬಸಾಲುಗಳುಳ್ಳ ಕೋಷ್ಟಕವಾಗುತ್ತದೆ. ಎಲ್ಲ ದಾಖಲೆಗಳನ್ನೂ ಇಂತಹ ಕೋಷ್ಟಕಗಳಾಗಿಯೇ ಇಡಬಹುದೆಂದು ಕಾಡ್ ಅವರು ಸೂಚಿಸಿದರು. ಪ್ರತಿಯೊಂದು ಅಡ್ಡಸಾಲೂ ಲೋಕದ ಒಂದು ಸಂಗತಿಯನ್ನು ಹೇಳುವ ವಾಕ್ಯವಿದ್ದಂತೆ. ಪ್ರತಿಯೊಂದು ಕಂಬಸಾಲೂ ಆ ಸಂಗತಿಯ ಒಂದು ಅಂಶ. ಅಡ್ಡಸಾಲುಗಳು ಯಾವ ಅನುಕ್ರಮದಲ್ಲಿದ್ದರೂ ಅರ್ಥ ಬದಲಾಗದು. ಒಂದೇ ಸಂಗತಿಯನ್ನು ಎರಡು ಬಾರಿ ಬರೆಯುವಂತಿಲ್ಲ. ೧೯೬೯ರಲ್ಲಿ ಸಂಸ್ಥೆಯೊಳಗಿನ ಒಂದು ವರದಿಯಾಗಿಯೂ, ೧೯೭೦ರ ಜೂನ್ ತಿಂಗಳಿನಲ್ಲಿ ಅಮೆರಿಕದ ಗಣಕ ವಿಜ್ಞಾನಿಗಳ ಸಂಘದ ಪತ್ರಿಕೆಯಲ್ಲಿ ಪ್ರಬಂಧವಾಗಿಯೂ ಈ ವಿಚಾರ ಪ್ರಕಟವಾಯಿತು. ಕೆಲವೇ ಪುಟಗಳ ಆ ಪ್ರಬಂಧವು ದಾಖಲೆಗಳ ಲೋಕವನ್ನೇ ಬದಲಾಯಿಸಿತು.

ಆ ಬರೆಹಗಳಲ್ಲಿ ಕಾಡ್ ಅವರು ದಾಖಲೆಗಳನ್ನು ಹುಡುಕುವ ಅನುಕೂಲವನ್ನಷ್ಟೇ ವಿವರಿಸಲಿಲ್ಲ. ದಾಖಲೆಗಳು ಪರಸ್ಪರ ವಿರೋಧವಿಲ್ಲದಂತೆ ಇರುವುದು ಹೇಗೆ ಎಂಬುದನ್ನೂ ಮೊದಲಿನಿಂದಲೇ ಚಿಂತಿಸಿದರು. ಕೋಷ್ಟಕದ ಪ್ರತಿಯೊಂದು ಅಡ್ಡಸಾಲನ್ನೂ ಬೇರೆಲ್ಲವುಗಳಿಂದ ಬೇರ್ಪಡಿಸಿ ಗುರುತಿಸುವ ಕಂಬಸಾಲನ್ನು ಪ್ರೈಮರಿ ಕೀ, ಎಂದರೆ ಪ್ರಧಾನ ಕೀಲಿ, ಎಂದು ಅವರು ಕರೆದರು. ಒಂದು ಕೋಷ್ಟಕದಲ್ಲಿದ್ದುಕೊಂಡು ಇನ್ನೊಂದು ಕೋಷ್ಟಕದ ಕೀಲಿಯನ್ನು ಬೆರಳು ಮಾಡಿ ತೋರಿಸುವ ಕಂಬಸಾಲಿಗೆ ಫಾರಿನ್ ಕೀ, ಎಂದರೆ ಅನ್ಯ ಕೀಲಿ, ಎಂದು ಹೆಸರಿಟ್ಟರು. ೧೯೭೯ರ ಇನ್ನೊಂದು ಪ್ರಬಂಧದಲ್ಲಿ ಇವೆರಡರ ಮೇಲೆ ಎರಡು ಮೂಲಸೂತ್ರಗಳನ್ನು ಸ್ಪಷ್ಟವಾಗಿ ನಿರೂಪಿಸಿದರು. ಪ್ರಧಾನ ಕೀಲಿ ಎಂದಿಗೂ ಖಾಲಿಯಿರಬಾರದು ಎಂಬುದು ಮೊದಲನೆಯದು. ಅನ್ಯ ಕೀಲಿಯು ತೋರಿಸುವ ಅಡ್ಡಸಾಲು ನಿಜವಾಗಿಯೂ ಇರಲೇಬೇಕು ಎಂಬುದು ಎರಡನೆಯದು.

ಈ ಸೂತ್ರಗಳ ಮಹತ್ವವನ್ನು ಒಂದು ಪ್ರೌಢಶಾಲೆಯ ಉದಾಹರಣೆಯಿಂದ ತಿಳಿಯಬಹುದು. ಶಾಲೆಯಲ್ಲಿ ವಿದ್ಯಾರ್ಥಿಗಳ ವಿವರಗಳ ಒಂದು ಕೋಷ್ಟಕ, ಪರೀಕ್ಷೆಯ ಅಂಕಗಳ ಒಂದು ಕೋಷ್ಟಕ ಇವೆಯೆಂದು ಭಾವಿಸೋಣ. ಪ್ರವೇಶ ಸಂಖ್ಯೆಯಿಲ್ಲದ ವಿದ್ಯಾರ್ಥಿ, ಒಂದೇ ಪ್ರವೇಶ ಸಂಖ್ಯೆಯುಳ್ಳ ಇಬ್ಬರು ವಿದ್ಯಾರ್ಥಿಗಳು, ನೂರಕ್ಕೆ ನೂರ ಮೂವತ್ತು ಅಂಕ, ಶಾಲೆಯಲ್ಲಿ ಇಲ್ಲದೇ ಇರುವ ವಿದ್ಯಾರ್ಥಿಗೆ ದೊರೆತ ಅಂಕ—ಇವೆಲ್ಲ ಅಸಂಬದ್ಧಗಳು. ಅನುಭವಿಯಾದ ಗುಮಾಸ್ತರು ಬರೆಯುವಾಗಲೇ ಇವನ್ನು ಕಂಡು ತಡೆಯುತ್ತಾರೆ. ಯಂತ್ರಕ್ಕೆ ಆ ವಿವೇಕವಿಲ್ಲ. ಕೊಟ್ಟದ್ದನ್ನು ಅದು ಬರೆದಿಡುತ್ತದೆ. ಆದುದರಿಂದ ವಿವೇಕವನ್ನು ನಿಯಮಗಳ ರೂಪದಲ್ಲಿ ಅದಕ್ಕೆ ಮೊದಲೇ ಒದಗಿಸಬೇಕಾಗುತ್ತದೆ.

ಆದರೆ ಆ ನಿಯಮಗಳನ್ನು ಎಲ್ಲಿ ಇಡಬೇಕು? ಈ ಪ್ರಶ್ನೆಯೇ ಮುಖ್ಯವಾದುದು. ದಾಖಲೆಗಳನ್ನು ಬಳಸುವ ಒಂದೊಂದು ಪ್ರೋಗ್ರಾಮಿನಲ್ಲಿಯೂ ನಿಯಮಗಳನ್ನು ಬರೆಯುವುದು ಆಗಿನ ರೂಢಿ. ಪ್ರವೇಶದ ಪ್ರೋಗ್ರಾಮಿನಲ್ಲಿ ಒಮ್ಮೆ, ಪರೀಕ್ಷೆಯ ಪ್ರೋಗ್ರಾಮಿನಲ್ಲಿ ಇನ್ನೊಮ್ಮೆ, ವಿದ್ಯಾರ್ಥಿವೇತನದ ಪ್ರೋಗ್ರಾಮಿನಲ್ಲಿ ಮತ್ತೊಮ್ಮೆ ಅದೇ ನಿಯಮವನ್ನು ಬರೆಯಬೇಕು. ಮೂವರು ನೆನಪಿಟ್ಟು ಬರೆದು, ನಾಲ್ಕನೆಯವನು ಮರೆತರೆ ಸುಳ್ಳು ದಾಖಲೆಗೆ ದಾರಿ ತೆರೆದಂತೆಯೇ. ಕೋಟೆಯ ಹೆಬ್ಬಾಗಿಲಿನಲ್ಲಿ ಕಾವಲಿಡದೆ, ಒಳಗಿನ ಮನೆಗಳವರು ತಮ್ಮ ತಮ್ಮ ಬಾಗಿಲುಗಳನ್ನು ತಾವೇ ಕಾಯ್ದುಕೊಳ್ಳಲೆಂದು ಬಿಟ್ಟರೆ ಆಗುವ ಸ್ಥಿತಿ ಇದು. ನಿಯಮಗಳನ್ನು ಕೋಷ್ಟಕದ ರಚನೆಯ ಜೊತೆಗೇ ಒಮ್ಮೆ ಘೋಷಿಸಬೇಕು. ಯಾವ ಪ್ರೋಗ್ರಾಂ ಬಂದರೂ, ಯಾರು ಬರೆದರೂ, ಆ ಹೆಬ್ಬಾಗಿಲನ್ನು ಹಾದೇ ಒಳಗೆ ಹೋಗಬೇಕು. ಇದೇ ಕಾಡ್ ಅವರ ಸಿದ್ಧಾಂತ.

ಹೊಸ ವಿಚಾರಕ್ಕೆ ಮೊದಲ ಅಡ್ಡಿ ಅನೇಕ ವೇಳೆ ಸ್ವಂತ ಮನೆಯಿಂದಲೇ ಬರುತ್ತದೆ. ಐ.ಎಂ.ಎಸ್. ವ್ಯವಸ್ಥೆಯಿಂದ ಐ.ಬಿ.ಎಂ. ಸಂಸ್ಥೆಗೆ ಒಳ್ಳೆಯ ಆದಾಯ ಬರುತ್ತಿತ್ತು. ಅದಕ್ಕೆ ಎದುರಾಳಿಯಾಗಬಲ್ಲ ಕಲ್ಪನೆಯನ್ನು ತಮ್ಮ ಉದ್ಯೋಗಿಯೇ ಮುಂದಿಟ್ಟಾಗ ಸಂಸ್ಥೆಯವರು ಉತ್ಸಾಹ ತೋರಲಿಲ್ಲ. ಹೊರಗಿನ ತಜ್ಞರಲ್ಲಿಯೂ ಹಲವರಿಗೆ ಇದು ಕೇವಲ ಗಣಿತದ ಸೊಗಸಾಗಿ ಕಂಡಿತು. ೧೯೭೪ರಲ್ಲಿ ಮಿಷಿಗನ್ ಪ್ರಾಂತದ ಆನ್ ಆರ್ಬರ್ ಎಂಬಲ್ಲಿ ನಡೆದ ಸಮ್ಮೇಳನದಲ್ಲಿ ಬಲೆಯ ಮಾದರಿಯ ಪ್ರವರ್ತಕರಾದ ಚಾರ್ಲ್ಸ್ ಬಾಕ್‌ಮನ್ ಅವರಿಗೂ ಕಾಡ್ ಅವರಿಗೂ ಪ್ರಸಿದ್ಧವಾದ ವಾದ ನಡೆಯಿತು. ಬಾಕ್‌ಮನ್ ಅವರು ಹಿಂದಿನ ವರ್ಷವಷ್ಟೇ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದಿದ್ದವರು. ಕಾಡ್ ಅವರು ಹಿಂಜರಿಯದೆ ತಮ್ಮ ಪಕ್ಷವನ್ನು ಮಂಡಿಸಿದರು.

ವಿಚಾರದಲ್ಲಿ ಸತ್ತ್ವವಿದ್ದರೆ ಅದಕ್ಕೆ ಬೆಂಬಲಿಗರು ದೊರೆಯುತ್ತಾರೆ. ಹಳೆಯ ಪದ್ಧತಿಯಲ್ಲಿ ಪುಟಗಟ್ಟಲೆ ಬರೆಯಬೇಕಾಗಿದ್ದ ಪ್ರಶ್ನೆಗಳನ್ನು ಕಾಡ್ ಅವರು ಒಂದೊಂದು ಸಾಲಿನಲ್ಲಿ ಬರೆದು ತೋರಿಸಿದ್ದನ್ನು ಕಂಡ ಡೊನಾಲ್ಡ್ ಚೇಂಬರ್ಲಿನ್ ಎಂಬ ತರುಣ ಸಂಶೋಧಕರು ಹೊಸ ಮಾರ್ಗಕ್ಕೆ ಒಲಿದರು. ಕಾಡ್ ಅವರ ಭಾಷೆ ಗಣಿತದ ಚಿಹ್ನೆಗಳಿಂದ ತುಂಬಿದ್ದುದರಿಂದ ಸಾಮಾನ್ಯರಿಗೆ ಕಷ್ಟವೆನಿಸುತ್ತಿತ್ತು. ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಸೇರಿ ಸರಳವಾದ ಇಂಗ್ಲಿಷ್ ಪದಗಳಿಂದ ಸೀಕ್ವೆಲ್ ಎಂಬ ಭಾಷೆಯನ್ನು ರೂಪಿಸಿ ೧೯೭೪ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬಾಯ್ಸ್ ಅಕಾಲಮರಣಕ್ಕೆ ತುತ್ತಾದರು. ಸೀಕ್ವೆಲ್ ಎಂಬ ಹೆಸರು ಬೇರೊಂದು ಸಂಸ್ಥೆಯ ಮುದ್ರೆಯಾಗಿದ್ದುದರಿಂದ ಆ ಭಾಷೆಯು ಮುಂದೆ ಎಸ್.ಕ್ಯೂ.ಎಲ್. ಎಂದು ಪ್ರಖ್ಯಾತವಾಯಿತು. ಸ್ಯಾನ್ ಹೋಸೆಯಲ್ಲಿ ಸಿಸ್ಟಂ ಆರ್ ಎಂಬ ಪ್ರಾಯೋಗಿಕ ವ್ಯವಸ್ಥೆಯೂ, ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಅವರ ನೇತೃತ್ವದಲ್ಲಿ ಇಂಗ್ರೆಸ್ ಎಂಬ ವ್ಯವಸ್ಥೆಯೂ ಸಿದ್ಧವಾಗಿ, ಕಾಡ್ ಅವರ ಕಲ್ಪನೆ ಕಾರ್ಯಸಾಧ್ಯವೆಂಬುದನ್ನು ಸ್ಥಾಪಿಸಿದುವು. ೧೯೭೯ರಲ್ಲಿ ಆರಕಲ್ ವ್ಯವಸ್ಥೆಯು ಮಾರುಕಟ್ಟೆಗೆ ಬಂದಿತು. ಕಾಡ್ ಅವರ ಸ್ವಂತ ಸಂಸ್ಥೆಯು ೧೯೮೧ರಲ್ಲಿ ಎಸ್.ಕ್ಯೂ.ಎಲ್./ಡಿ.ಎಸ್. ಎಂಬ ವ್ಯವಸ್ಥೆಯನ್ನೂ, ೧೯೮೩ರಲ್ಲಿ ಡಿ.ಬಿ.೨ ಎಂಬುದನ್ನೂ ಹೊರತಂದಿತು. ಕಾಡ್ ಅವರಿಗೆ ೧೯೭೬ರಲ್ಲಿ ಐ.ಬಿ.ಎಂ. ಸಂಸ್ಥೆಯ ಫೆಲೊ ಎಂಬ ಉನ್ನತ ಸ್ಥಾನವೂ, ೧೯೮೧ರಲ್ಲಿ ಟ್ಯೂರಿಂಗ್ ಪ್ರಶಸ್ತಿಯೂ ದೊರೆತುವು.

ಇಷ್ಟು ಗೌರವಗಳು ಬಂದ ಮೇಲೆ ಬೇರೆ ಯಾರಾದರೂ ತೃಪ್ತರಾಗಿ ವಿಶ್ರಮಿಸುತ್ತಿದ್ದರು. ಕಾಡ್ ಅವರ ಮನಸ್ಸಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಮಾರುಕಟ್ಟೆಗೆ ಬಂದ ವ್ಯವಸ್ಥೆಗಳು ತಮ್ಮ ಸಿದ್ಧಾಂತದ ಹೆಸರನ್ನು ಹೊತ್ತಿದ್ದುವೇ ಹೊರತು ಅದರ ಶಿಸ್ತನ್ನು ಪೂರ್ಣವಾಗಿ ಪಾಲಿಸುತ್ತಿರಲಿಲ್ಲ. ಪ್ರಧಾನ ಕೀಲಿಯಿಲ್ಲದ ಕೋಷ್ಟಕವನ್ನು ಎಸ್.ಕ್ಯೂ.ಎಲ್. ಒಪ್ಪಿಕೊಳ್ಳುತ್ತಿತ್ತು, ಒಂದೇ ಅಡ್ಡಸಾಲು ಎರಡು ಬಾರಿ ಬಂದರೂ ಸುಮ್ಮನಿರುತ್ತಿತ್ತು. ಅನ್ಯ ಕೀಲಿಯನ್ನು ಘೋಷಿಸುವ ಸೌಲಭ್ಯ ಡಿ.ಬಿ.೨ರ ಆರಂಭದ ಆವೃತ್ತಿಯಲ್ಲಿಯೂ ಇರಲಿಲ್ಲ. ಕೋಟೆ ಕಟ್ಟಿದ್ದರು, ಹೆಬ್ಬಾಗಿಲಿಗೆ ಕಾವಲಿಟ್ಟಿರಲಿಲ್ಲ. ೧೯೮೪ರಲ್ಲಿ ಐ.ಬಿ.ಎಂ. ಸಂಸ್ಥೆಯನ್ನು ಬಿಟ್ಟ ಕಾಡ್ ಅವರು, ಮರುವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಕಂಪ್ಯೂಟರ್‌ವರ್ಲ್ಡ್ ಪತ್ರಿಕೆಯಲ್ಲಿ ಎರಡು ಲೇಖನಗಳನ್ನು ಬರೆದು, ಯಾವುದೇ ವ್ಯವಸ್ಥೆಯು ಸಂಬಂಧ ಮಾದರಿಯದೆಂದು ಹೇಳಿಕೊಳ್ಳಬೇಕಾದರೆ ಅನುಸರಿಸಬೇಕಾದ ೧೨ ನಿಯಮಗಳನ್ನು ಮುಂದಿಟ್ಟರು. ಅವುಗಳಲ್ಲಿ ಹತ್ತನೆಯ ನಿಯಮವು ದಾಖಲೆಗಳ ಸತ್ಯವನ್ನು ಕಾಯುವ ಕಟ್ಟಳೆಗಳನ್ನು ಪ್ರೋಗ್ರಾಂಗಳಲ್ಲಿ ಹುದುಗಿಸದೆ, ದತ್ತಾಂಶದ ಭಾಷೆಯಲ್ಲಿಯೇ ಘೋಷಿಸಿ, ವ್ಯವಸ್ಥೆಯ ಸ್ವಂತ ಸೂಚಿಯಲ್ಲಿಯೇ ಇಡಬೇಕೆಂದು ವಿಧಿಸಿತು. ಯಾವ ಹಿಂಬಾಗಿಲಿನಿಂದಲೂ ಈ ಕಟ್ಟಳೆಗಳನ್ನು ತಪ್ಪಿಸಿಕೊಂಡು ಹೋಗಲು ಅವಕಾಶವಿರಬಾರದೆಂದು ಹನ್ನೆರಡನೆಯ ನಿಯಮ ಸಾರಿತು. ತಯಾರಕರು ಮುನಿಸಿಕೊಳ್ಳಬಹುದೆಂಬ ಅಳುಕು ಅವರಿಗಿರಲಿಲ್ಲ.

ಈ ಒತ್ತಾಯ ವ್ಯರ್ಥವಾಗಲಿಲ್ಲ. ಅಮೆರಿಕದ ಮಾನಕ ಸಂಸ್ಥೆಯು ೧೯೮೬ರಲ್ಲಿ ಎಸ್.ಕ್ಯೂ.ಎಲ್. ಭಾಷೆಗೆ ಮೊದಲ ಮಾನಕವನ್ನು ಹೊರಡಿಸಿದಾಗ ಅದರಲ್ಲಿ ಖಾಲಿ ಬಿಡಬಾರದು, ಮರುಕಳಿಸಬಾರದು ಎಂಬಂತಹ ಅಲ್ಪಸ್ವಲ್ಪ ಕಟ್ಟಳೆಗಳಷ್ಟೇ ಇದ್ದುವು. ೧೯೮೯ರ ಪರಿಷ್ಕರಣದಲ್ಲಿ ಪ್ರಧಾನ ಕೀಲಿ, ಅನ್ಯ ಕೀಲಿ ಹಾಗೂ ಮೌಲ್ಯದ ತಪಾಸಣೆಗಳು ಸೇರಿದುವು. ಡಿ.ಬಿ.೨ ವ್ಯವಸ್ಥೆಯು ೧೯೮೮ರಲ್ಲಿ ಅನ್ಯ ಕೀಲಿಯನ್ನು ಕಾಯಲಾರಂಭಿಸಿತು. ಆರಕಲ್ ವ್ಯವಸ್ಥೆಯ ಏಳನೆಯ ಆವೃತ್ತಿ ೧೯೯೨ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಹೀಗೆ ೧೯೭೦ರಲ್ಲಿ ಪ್ರಬಂಧದ ಪುಟದಲ್ಲಿದ್ದ ವಿಚಾರವು ಬಳಕೆಗೆ ಬರಲು ಸುಮಾರು ಎರಡು ದಶಕಗಳೇ ಹಿಡಿದುವು.

ಇಂದು ಎಸ್.ಕ್ಯೂ.ಎಲ್. ಭಾಷೆಯಲ್ಲಿ ಕೋಷ್ಟಕವೊಂದನ್ನು ರಚಿಸುವವರು ಪ್ರತಿಯೊಂದು ಕಂಬಸಾಲಿನ ಹೆಸರನ್ನು ಬರೆದು, ಅದರ ಮುಂದೆ ಅಲ್ಲಿ ಬರಬೇಕಾದುದು ಸಂಖ್ಯೆಯೋ ಅಕ್ಷರಗಳೋ ದಿನಾಂಕವೋ ಎಂಬುದನ್ನು ತಿಳಿಸಿ, ಅನಂತರ ಕಟ್ಟಳೆಗಳನ್ನು ಸೇರಿಸುತ್ತಾರೆ. ವಿದ್ಯಾರ್ಥಿಯ ಹೆಸರಿನ ಮುಂದೆ ನಾಟ್ ನಲ್ ಎಂದು ಬರೆದರೆ ಹೆಸರನ್ನು ಖಾಲಿ ಬಿಡುವಂತಿಲ್ಲ. ಯುನೀಕ್ ಎಂದು ಬರೆದ ಕಂಬಸಾಲಿನಲ್ಲಿ ಒಂದೇ ಮೌಲ್ಯ ಎರಡು ಬಾರಿ ಬರುವಂತಿಲ್ಲ. ಪ್ರವೇಶ ಸಂಖ್ಯೆಯ ಮುಂದೆ ಪ್ರೈಮರಿ ಕೀ ಎಂದು ಬರೆದರೆ ಈ ಎರಡು ಕಟ್ಟಳೆಗಳೂ ಒಟ್ಟಿಗೆ ಅನ್ವಯವಾಗಿ, ಆ ಸಂಖ್ಯೆಯು ವಿದ್ಯಾರ್ಥಿಯ ಗುರುತಾಗುತ್ತದೆ. ಅಂಕಗಳ ಕಂಬಸಾಲಿನ ಮುಂದೆ ಚೆಕ್ ಎಂಬ ಪದವನ್ನಿಟ್ಟು, ಆವರಣದೊಳಗೆ ಅಂಕವು ೦ಯಿಂದ ೧೦೦ರ ಒಳಗಿರಬೇಕೆಂಬ ಷರತ್ತನ್ನು ಬರೆಯಬಹುದು. ಅಂಕಗಳ ಕೋಷ್ಟಕದ ಪ್ರವೇಶ ಸಂಖ್ಯೆಯು ವಿದ್ಯಾರ್ಥಿಗಳ ಕೋಷ್ಟಕದಲ್ಲಿ ಇರಲೇಬೇಕೆಂದು ರೆಫರೆನ್ಸಸ್ ಎಂಬ ಪದದಿಂದ ಸೂಚಿಸಿದರೆ ಅದು ಅನ್ಯ ಕೀಲಿಯಾಗುತ್ತದೆ. ಇವುಗಳ ಜೊತೆಗೆ ಡಿಫಾಲ್ಟ್ ಎಂಬ ಪದವೂ ಉಂಟು. ಬರೆಯುವವರು ಏನನ್ನೂ ತಿಳಿಸದಿದ್ದಾಗ ತಾನಾಗಿ ತುಂಬಿಕೊಳ್ಳಬೇಕಾದ ಮೌಲ್ಯವನ್ನು ಅದು ಗೊತ್ತುಪಡಿಸುತ್ತದೆ. ಅದು ಯಾವ ಮೌಲ್ಯವನ್ನೂ ತಡೆಯುವುದಿಲ್ಲವಾದ್ದರಿಂದ ಕಟ್ಟಳೆಯ ಸಹಾಯಕನೆಂದೇ ತಿಳಿಯಬೇಕು.

ಈ ಕಟ್ಟಳೆಗಳಲ್ಲಿ ಒಂದು ಸೂಕ್ಷ್ಮವಿದೆ. ತಿಳಿಯದ ಸಂಗತಿಯನ್ನು ಸೂಚಿಸಲು ನಲ್ ಎಂಬ ಗುರುತನ್ನು ಬಳಸಬೇಕೆಂದು ಕಾಡ್ ಅವರೇ ಪ್ರತಿಪಾದಿಸಿದ್ದರು. ನಲ್ ಎಂದರೆ ಸೊನ್ನೆಯಲ್ಲ. ಪರೀಕ್ಷೆಯಲ್ಲಿ ಸೊನ್ನೆ ಪಡೆದ ವಿದ್ಯಾರ್ಥಿಗೂ ಫಲಿತಾಂಶ ಇನ್ನೂ ಬಾರದ ವಿದ್ಯಾರ್ಥಿಗೂ ವ್ಯತ್ಯಾಸವಿದೆಯಷ್ಟೆ. ಅಂಕ ತಿಳಿಯದಿರುವಾಗ ಅದು ನೂರರ ಒಳಗಿದೆಯೇ ಎಂದು ಕೇಳಿದರೆ ಹೌದೆನ್ನಲೂ ಆಗದು, ಇಲ್ಲವೆನ್ನಲೂ ಆಗದು. ತಿಳಿಯದು ಎಂಬುದೇ ಉತ್ತರ. ಚೆಕ್ ಎಂಬ ಕಟ್ಟಳೆಯು ಇಲ್ಲವೆಂಬ ಉತ್ತರ ಬಂದಾಗ ಮಾತ್ರ ತಡೆಯುತ್ತದೆ. ತಿಳಿಯದೆಂದಾಗ ಒಳಗೆ ಬಿಡುತ್ತದೆ. ಆದ್ದರಿಂದ ಅಂಕವು ಇರಲೇಬೇಕಾದ ಕಡೆ ಚೆಕ್ ಜೊತೆಗೆ ನಾಟ್ ನಲ್ ಎಂಬುದನ್ನೂ ಬರೆಯಬೇಕು. ಅಂತೆಯೇ ಶಾಲೆಯನ್ನು ಬಿಟ್ಟ ವಿದ್ಯಾರ್ಥಿಯ ಅಡ್ಡಸಾಲನ್ನು ಅಳಿಸಲು ಹೊರಟರೆ ಅವನ ಅಂಕಗಳ ಗತಿಯೇನೆಂಬ ಪ್ರಶ್ನೆ ಏಳುತ್ತದೆ. ಅಳಿಸುವುದನ್ನು ತಡೆಯಬೇಕೋ, ಅಂಕಗಳನ್ನೂ ಜೊತೆಗೇ ಅಳಿಸಬೇಕೋ ಎಂಬುದನ್ನು ಕೋಷ್ಟಕ ರಚಿಸುವವರು ಮೊದಲೇ ಯೋಚಿಸಿ ಅನ್ಯ ಕೀಲಿಯ ಜೊತೆ ಬರೆದಿಡಬಹುದು. ಕಟ್ಟಳೆಯನ್ನು ಬರೆಯುವುದೆಂದರೆ ಲೋಕದಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಮುಂದಾಗಿ ವಿಚಾರ ಮಾಡುವುದೇ ಆಗಿದೆ.

ಕಟ್ಟಳೆಗಳಿಗೂ ಮಿತಿಯುಂಟು. ತೊಂಬತ್ತು ಅಂಕ ಪಡೆದವನಿಗೆ ಎಪ್ಪತ್ತು ಎಂದು ಬರೆದರೆ ಯಾವ ಕಟ್ಟಳೆಯೂ ಅದನ್ನು ಹಿಡಿಯಲಾರದು. ಅಸಾಧ್ಯವಾದುದನ್ನು ಯಂತ್ರವು ತಡೆಯಬಲ್ಲದು. ಸಾಧ್ಯವಾದ ಸುಳ್ಳನ್ನು ತಡೆಯುವ ಹೊಣೆ ಮನುಷ್ಯನದೇ. ಆದರೂ ಅಸಂಬದ್ಧಗಳ ಒಂದು ದೊಡ್ಡ ರಾಶಿಯನ್ನು ಬಾಗಿಲಿನಲ್ಲಿಯೇ ನಿಲ್ಲಿಸಿದರೆ ಉಳಿದವನ್ನು ಪರಿಶೀಲಿಸಲು ಮನುಷ್ಯನಿಗೆ ಬಿಡುವು ದೊರೆಯುತ್ತದೆ.

ಕಾಡ್ ಅವರು ಮುಪ್ಪಿನಲ್ಲಿಯೂ ತಮ್ಮ ಕಾರ್ಯವನ್ನು ನಿಲ್ಲಿಸಲಿಲ್ಲ. ತಮ್ಮ ಸಿದ್ಧಾಂತದ ಸಮರ್ಥ ವ್ಯಾಖ್ಯಾನಕಾರರಾದ ಕ್ರಿಸ್ ಡೇಟ್ ಅವರೊಡನೆ ಸಲಹಾ ಸಂಸ್ಥೆಯೊಂದನ್ನು ನಡೆಸಿದರು. ನಲ್ ವಿಷಯದಲ್ಲಿ ಡೇಟ್ ಅವರಿಗೂ ಅವರಿಗೂ ತೀವ್ರವಾದ ಭಿನ್ನಾಭಿಪ್ರಾಯವಿದ್ದಿತು. ವಾದಗಳು ನಡೆದರೂ ಪರಸ್ಪರ ಗೌರವ ಕುಂದಲಿಲ್ಲ. ೧೯೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಡ್ ಅವರು ೧೨ ನಿಯಮಗಳನ್ನು ವಿಸ್ತರಿಸಿ ೩೩೩ ಲಕ್ಷಣಗಳನ್ನು ವಿವರಿಸಿದರು. ೨೦೦೩ನೆಯ ಇಸವಿ ಏಪ್ರಿಲ್ ೧೮ರಂದು, ತಮ್ಮ ೭೯ನೆಯ ವಯಸ್ಸಿನಲ್ಲಿ, ಅಮೆರಿಕದ ಫ್ಲಾರಿಡಾ ಪ್ರಾಂತದ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಮರುವರ್ಷ ದತ್ತಾಂಶ ವಿಜ್ಞಾನಿಗಳ ಸಂಘವು ತನ್ನ ಶ್ರೇಷ್ಠ ಪ್ರಶಸ್ತಿಗೆ ಕಾಡ್ ಅವರ ಹೆಸರನ್ನಿಟ್ಟು ಅವರನ್ನು ಗೌರವಿಸಿತು.

ಕಾಡ್ ಅವರ ಸಿದ್ಧಾಂತದಿಂದ ಹುಟ್ಟಿದ ವ್ಯವಸ್ಥೆಗಳು ಇಂದು ಜಗತ್ತಿನ ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ, ಸರಕಾರಿ ಕಚೇರಿಗಳಲ್ಲಿ, ವಿದ್ಯಾಸಂಸ್ಥೆಗಳಲ್ಲಿ ಅಹರ್ನಿಶಿ ದುಡಿಯುತ್ತಿವೆ. ಎಷ್ಟೋ ಕಡೆ ಅರ್ಧ ತುಂಬಿದ ಅರ್ಜಿಯನ್ನು ಯಂತ್ರವು ಸ್ವೀಕರಿಸದೆ ಹಿಂದಿರುಗಿಸುವಾಗ, ಇಲ್ಲದ ಖಾತೆಗೆ ಹಣ ಬರೆಯಲು ನಿರಾಕರಿಸುವಾಗ, ಅದರ ಹಿಂದೆ ಯಾರೋ ಒಬ್ಬರು ಕಂಬಸಾಲಿನ ಮುಂದೆ ಬರೆದಿಟ್ಟ ಒಂದೆರಡು ಪದಗಳ ಕಟ್ಟಳೆಯಿರುತ್ತದೆ. ನಿಯಮವು ಎಲ್ಲರಿಗೂ ಒಂದೇ ಆಗಿರಬೇಕು, ಒಂದೇ ಕಡೆಯಲ್ಲಿರಬೇಕು, ಯಾರಿಗಾಗಿಯೂ ಸಡಿಲವಾಗಬಾರದು ಎಂಬ ತತ್ತ್ವವನ್ನು ಕಾಡ್ ಅವರು ಯಂತ್ರಗಳಿಗಾಗಿ ಬರೆದರು. ಆದಾಯದ ಆಸೆ, ರೂಢಿಯ ಬಲ, ಅರೆಬರೆ ಅನುಕರಣ ಇವೆಲ್ಲವನ್ನೂ ಎದುರಿಸಿ ಇಪ್ಪತ್ತು ವರ್ಷಗಳ ಕಾಲ ಅದಕ್ಕಾಗಿ ಹೋರಾಡಿದರು. ಸತ್ಯವನ್ನು ಕಾಯುವ ಕೆಲಸದಲ್ಲಿ ಮೇಧಾಶಕ್ತಿಯಷ್ಟೇ ತಾಳ್ಮೆಯೂ ಬೇಕೆಂಬುದಕ್ಕೆ ಅವರ ಬಾಳು ಸಾಕ್ಷಿಯಾಗಿ ನಿಂತಿದೆ.